ದತ್ತಸಂಚಯಕ್ಕೊಂದು ಕಿಟಕಿ

ಶಾಲೆಯ ಹಾಜರಿ ಪುಸ್ತಕ, ಗ್ರಂಥಾಲಯದ ಎರವಲು ದಾಖಲೆ, ಸಹಕಾರ ಸಂಘದ ಖಾತೆ ಪುಸ್ತಕ, ಇವುಗಳಲ್ಲೆಲ್ಲ ಸಮಾನವಾದ ಒಂದು ಗುಣವುಂಟು. ಅಡ್ಡಗೆರೆ ಉದ್ದಗೆರೆಗಳನ್ನೆಳೆದು, ಹಾಗೆ ಉಂಟಾದ ಮನೆಗಳಲ್ಲಿ ಒಂದೊಂದು ಸಂಗತಿಯನ್ನು ಬರೆದಿಡುವುದೇ ಆ ಗುಣ. ಕಾಗದದ ಪುಸ್ತಕದಲ್ಲಿ ತಪ್ಪು ಬಿದ್ದರೆ ಗುಮಾಸ್ತನು ಅದರ ಮೇಲೆ ಗೆರೆಯೆಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ರುಜು ಹಾಕುವನು. ಗೆರೆಯ ಕೆಳಗೆ ಹಳೆಯ ಬರಹವು ಇನ್ನೂ ಕಾಣುತ್ತಿರುವುದು. ಗಣಕಯಂತ್ರದ ದಾಖಲೆಯ ಸ್ವಭಾವವೇ ಬೇರೆ. ಅಲ್ಲಿ ಹೊಸದು ಬಂದೊಡನೆ ಹಳೆಯದು ಮರೆಯಾಗುವುದು. ಒಂದು ಸಾಲಿನ ಆಜ್ಞೆಯಿಂದ ನಾಲ್ಕು ನೂರು ಮನೆಗಳು ಒಮ್ಮೆಗೇ ಬದಲಾಗಬಹುದು. ಬೇರೆ ಏರ್ಪಾಡು ಮಾಡಿರದಿದ್ದರೆ ಯಾರ ರುಜುವೂ ಉಳಿಯದು. ಹೀಗಿರುವಲ್ಲಿ, ಆ ದಾಖಲೆಯನ್ನು ಕಣ್ಣಾರೆ ಕಾಣಲು ಮತ್ತು ತಿದ್ದಿದ್ದನ್ನು ಸ್ಥಿರಪಡಿಸುವ ಮೊದಲು ಒಂದು ಕ್ಷಣ ನಿಂತು ಯೋಚಿಸಲು ಅವಕಾಶವೀಯುವ ಸಾಧನವೊಂದಿದ್ದರೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತಹ ಒಂದು ಸಾಧನವನ್ನು ಈ ಲೇಖನದಲ್ಲಿ ಪರಿಶೀಲಿಸುವೆವು. ಅದರ ಪೂರ್ಣ ಹೆಸರು ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’. ಅಂತರಜಾಲವನ್ನು ನೋಡುವ ಬ್ರೌಸರಿನೊಡನೆ ಇದನ್ನು ಯಾರೂ ಗೊಂದಲಗೊಳಿಸದಿರಲೆಂದು ಮುಂದೆ ‘ವೀಕ್ಷಕ’ವೆಂದು ಕರೆಯೋಣ.

ದತ್ತಸಂಚಯವನ್ನು, ಎಂದರೆ ಡೇಟಾಬೇಸನ್ನು, ಕೋಷ್ಟಕಗಳ ರೂಪದಲ್ಲಿಡಬೇಕೆಂಬುದು ಈಗ ತೀರ ಸಹಜವೆನಿಸುವ ಮಾತು. 1960ರ ದಶಕದಲ್ಲಿ ಹಾಗಿರಲಿಲ್ಲ. ಆಗಿನ ದೊಡ್ಡ ಯಂತ್ರಗಳಲ್ಲಿ ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿ ಹಾಕಿ, ಮರದ ಕೊಂಬೆಗಳಂತೆಯೋ ಬಲೆಯ ನೂಲುಗಳಂತೆಯೋ ಹೆಣೆದಿಡುತ್ತಿದ್ದರು. ಬೇಕಾದುದನ್ನು ಹುಡುಕುವಾತನಿಗೆ ಆ ಕೊಂಡಿಗಳ ದಾರಿ ತಿಳಿದಿರಬೇಕಾಗಿತ್ತು. ಹೆಣಿಗೆ ಬದಲಾದರೆ ಅವನು ಬರೆದ ಕ್ರಮವಿಧಿಯೂ ಕೆಡುತ್ತಿತ್ತು. 1970ರಲ್ಲಿ ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಅವರು ಒಂದು ಪ್ರಬಂಧವನ್ನು ಪ್ರಕಟಿಸಿ, ಗಣಿತದ ಗಣಸಿದ್ಧಾಂತದಲ್ಲಿ ಬರುವ ‘ಸಂಬಂಧ’ವೆಂಬ ಕಲ್ಪನೆಯ ಮೇಲೆ ಇಡೀ ಸಂಚಯವನ್ನು ನಿಲ್ಲಿಸಬಹುದೆಂದು ತೋರಿಸಿದರು. ಸಾಲುಗಳೂ ಸ್ತಂಭಗಳೂ ಉಳ್ಳ ಸರಳ ಕೋಷ್ಟಕವೇ ಆ ಸಂಬಂಧದ ಹೊರರೂಪ. ‘ಏನು ಬೇಕು’ ಎಂಬುದನ್ನಷ್ಟೇ ಬಳಕೆದಾರನು ಹೇಳಬೇಕು; ‘ಯಾವ ದಾರಿಯಿಂದ ತರಬೇಕು’ ಎಂಬುದನ್ನು ಯಂತ್ರವೇ ನಿಶ್ಚಯಿಸಬೇಕು. ಈ ಹೇಳುವಿಕೆಗೊಂದು ಭಾಷೆಯನ್ನು ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬುವರು 1974ರಲ್ಲಿ ರೂಪಿಸಿದರು. ಮೊದಲು ‘ಸೀಕ್ವೆಲ್’ ಎನಿಸಿಕೊಂಡಿದ್ದ ಅದು ಅನಂತರ ‘ಎಸ್‌ಕ್ಯೂಎಲ್’ ಆಯಿತು. 1986ರಲ್ಲಿ ಅಮೆರಿಕದ ರಾಷ್ಟ್ರೀಯ ಪ್ರಮಾಣವೆಂದು ಅಂಗೀಕೃತವಾಯಿತು. ಇದೇ ಕಾಲದಲ್ಲಿ, 1970ರ ದಶಕದ ನಡುವೆ, ಐಬಿಎಂನವರೇ ಆದ ಮೋಷೆ ಜ್ಲೂಫ್ ಅವರು ಇನ್ನೊಂದು ಹಾದಿ ಹಿಡಿದರು. ತೆರೆಯ ಮೇಲೆ ಬರಿದಾದ ಕೋಷ್ಟಕವನ್ನು ತೋರಿಸಿ, ಬಳಕೆದಾರನು ಅದರ ಮನೆಗಳಲ್ಲಿ ಒಂದು ಮಾದರಿಯನ್ನು ತುಂಬಿದರೆ ಅದಕ್ಕೆ ಹೊಂದುವ ಸಾಲುಗಳು ಹೊರಬರುವಂತೆ ಅವರು ಏರ್ಪಡಿಸಿದರು. ಇಂದಿನ ಚಿತ್ರಮಯ ಸಾಧನಗಳಲ್ಲಿ ಈ ಎರಡು ಹಾದಿಗಳೂ ಕೂಡಿಕೊಂಡಿವೆ.

ಇನ್ನು ಎಸ್‌ಕ್ಯೂಲೈಟ್ ಎಂದರೇನೆಂಬುದನ್ನು ನೋಡೋಣ. ದೊಡ್ಡ ದತ್ತಸಂಚಯಗಳಲ್ಲಿ ಸಾಮಾನ್ಯವಾಗಿ ‘ಸರ್ವರ್’ ಎಂಬ ಉಗ್ರಾಣಿಯೊಬ್ಬನಿರುವನು. ಉಗ್ರಾಣದ ಬಾಗಿಲಲ್ಲಿ ಅವನು ಸದಾ ಕುಳಿತಿರಬೇಕು; ಬೇಕಾದವರು ಅವನನ್ನೇ ಕೇಳಬೇಕು; ಅವನು ಎದ್ದುಹೋದರೆ ಒಂದು ಕಾಳೂ ಹೊರಬಾರದು. ಅಮೆರಿಕದ ರಿಚರ್ಡ್ ಹಿಪ್ ಅವರು ತಮ್ಮ ದೇಶದ ನೌಕಾಪಡೆಯ ಕ್ಷಿಪಣಿ ನೌಕೆಯೊಂದಕ್ಕೆ ಬೇಕಾದ ತಂತ್ರಾಂಶವನ್ನು ಸಿದ್ಧಪಡಿಸುತ್ತಿದ್ದಾಗ ಇದೇ ತೊಡಕು ಅವರಿಗೆ ಎದುರಾಯಿತು. ಸರ್ವರ್ ನಿಂತುಹೋದಾಗಲೆಲ್ಲ ಅವರ ಕ್ರಮವಿಧಿಯೂ ನಿಷ್ಪ್ರಯೋಜಕವಾಗುತ್ತಿತ್ತು. ಉಗ್ರಾಣಿಯೇ ಇಲ್ಲದೆ, ಕೇಳುವ ಕ್ರಮವಿಧಿಯೇ ನೇರವಾಗಿ ಕಡತವನ್ನು ತೆರೆದು ಓದಿಕೊಳ್ಳುವಂತಾದರೆ ಹೇಗೆ ಎಂಬ ಯೋಚನೆಯಿಂದ 2000ದಲ್ಲಿ ಎಸ್‌ಕ್ಯೂಲೈಟ್ ಹುಟ್ಟಿತು. ಅದನ್ನು ಅವರು ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಟ್ಟರು. ಇಂದು ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ ಐಫೋನುಗಳಲ್ಲಿಯೂ ಅದು ಅಡಗಿ ಕುಳಿತಿರುವುದು. ಯುದ್ಧನೌಕೆಗೆಂದು ಮೊದಲಾದುದು ನಮ್ಮ ಜೇಬಿಗೆ ಬಂದುದು ವಿಚಿತ್ರವಾದರೂ ನಿಜ.

ಎಸ್‌ಕ್ಯೂಲೈಟಿನ ಇಡೀ ಸಂಚಯ ಒಂದೇ ಕಡತದಲ್ಲಿರುವುದು. ಆ ಕಡತದ ಮೊದಲ 16 ಬೈಟುಗಳಲ್ಲಿ ‘ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3’ ಎಂಬ ಮಾತೂ ಅದರ ಕೊನೆಗೆ ಒಂದು ಸೊನ್ನೆಯ ಬೈಟೂ ಇರುವುವು. ಉಳಿದುದೆಲ್ಲ ಸಮಾನ ಗಾತ್ರದ ಪುಟಗಳಾಗಿ ವಿಂಗಡವಾಗಿರುವುದು. ಸಾಮಾನ್ಯವಾಗಿ ಒಂದು ಪುಟಕ್ಕೆ 4096 ಬೈಟುಗಳು. ಈ ಪುಟಗಳು ಕವಲೊಡೆದ ಮರದಂತೆ ಜೋಡಣೆಗೊಂಡಿರುವುದರಿಂದ ಲಕ್ಷ ಸಾಲುಗಳ ನಡುವೆ ಒಂದು ಸಾಲನ್ನು ಹುಡುಕಲು ನಾಲ್ಕಾರು ಪುಟಗಳನ್ನು ಓದಿದರೆ ಸಾಕು. ಆದರೆ ಇಂತಹ ಕಡತವನ್ನು ಸಾಮಾನ್ಯ ಬರಹದ ಸಾಧನದಲ್ಲಿ ತೆರೆದು ನೋಡುವವನಿಗೆ ಅರ್ಥವಿಲ್ಲದ ಗುರುತುಗಳ ರಾಶಿಯ ಹೊರತು ಬೇರೇನೂ ಕಾಣದು. ಆದುದರಿಂದ ಕಿಟಕಿಯೊಂದು ಬೇಕಾಯಿತು.

ವೀಕ್ಷಕದ ಚರಿತ್ರೆ ಹೆಚ್ಚು ದೀರ್ಘವಾದುದಲ್ಲ. ಮೌರಿಸಿಯೋ ಪಿಯಾಚೆಂಟಿನಿ ಎಂಬುವರು ಇದನ್ನು ‘ಆರ್ಕಾ ಡೇಟಾಬೇಸ್ ಬ್ರೌಸರ್’ ಎಂಬ ಹೆಸರಿನಿಂದ, ಮಾರಾಟದ ಸರಕೊಂದಕ್ಕೆ ಜೊತೆಯಾಗಿ ಕೊಡುವ ಉಚಿತ ಉಪಕರಣವನ್ನಾಗಿ ಮೊದಲು ನಿರ್ಮಿಸಿದರು. 2003ರಲ್ಲಿ ಅದರ ಮೂಲ ಬರಹವನ್ನು ಸಾರ್ವಜನಿಕಗೊಳಿಸಲಾಯಿತು. ಮುಂದೆ ಬೇರೆ ಬೇರೆ ಆಸಕ್ತರು ಅದನ್ನು ಕೈಗೆತ್ತಿಕೊಂಡು ಬೆಳೆಸುತ್ತ ಬಂದರು. 2014ರಲ್ಲಿ ಅದರ ಹೆಸರು ಬದಲಾಯಿತು. ಹಳೆಯ ಹೆಸರಿನಿಂದ ಜನರು ಎರಡೂ ಒಂದೇ ಎಂದು ಭ್ರಮಿಸಿ, ವೀಕ್ಷಕದ ವಿಷಯದಲ್ಲಿ ಎಸ್‌ಕ್ಯೂಲೈಟಿನವರ ನೆರವು ಕೇಳುವಂತಾಗಿದ್ದುದರಿಂದ ಸ್ವತಃ ಹಿಪ್ ಅವರೇ ಈ ಬದಲಾವಣೆಯನ್ನು ಕೋರಿದರು. ಈಗ ಇದು ಮುಕ್ತ ತಂತ್ರಾಂಶ. ಹಣ ಕೊಡಬೇಕಿಲ್ಲವೆಂಬುದು ಅದರ ಒಂದು ಮುಖ ಮಾತ್ರ. ಯಾರು ಬೇಕಾದರೂ ಅದರ ಮೂಲ ಬರಹವನ್ನು ಓದಬಹುದು, ತಿದ್ದಬಹುದು, ಪ್ರತಿ ಮಾಡಿ ನೆರೆಯವರಿಗೆ ಕೊಡಬಹುದು; ಇದು ಎರಡನೆಯ ಮುಖ, ಮತ್ತು ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚಿನದು.

ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಮೂರು ವ್ಯವಸ್ಥೆಗಳಲ್ಲಿಯೂ ವೀಕ್ಷಕವು ಒಂದೇ ರೀತಿಯಾಗಿ ನಡೆಯುವುದು. ಇದು ಹೇಗೆ ಸಾಧ್ಯವೆಂದು ವಿದ್ಯಾರ್ಥಿಗಳು ಕೇಳಬಹುದು. ತೆರೆಯ ಮೇಲೆ ಒಂದು ಗುಂಡಿಯನ್ನು ಬರೆಯುವ ವಿಧಾನ ಈ ಮೂರರಲ್ಲಿ ಮೂರು ಬಗೆ. ವೀಕ್ಷಕವು ಆ ಕೆಲಸವನ್ನು ತಾನೇ ಮಾಡದೆ, ‘ಕ್ಯೂಟಿ’ ಎಂಬ ನಡುವಣ ಪದರಕ್ಕೆ ಒಪ್ಪಿಸುವುದು. ನಾರ್ವೆ ದೇಶದಲ್ಲಿ ಹುಟ್ಟಿ 1995ರಲ್ಲಿ ಹೊರಬಂದ ಈ ಪದರವು, ‘ಇಲ್ಲೊಂದು ಗುಂಡಿ ಬೇಕು’ ಎಂಬ ಒಂದೇ ಮಾತನ್ನು ಆಯಾ ವ್ಯವಸ್ಥೆಯ ಭಾಷೆಗೆ ತಿರುಗಿಸುವ ದುಭಾಷಿಯಂತೆ ವರ್ತಿಸುವುದು. ಆದರೆ ಸಾಧನವೊಂದೇ ಎಲ್ಲೆಡೆ ನಡೆದರೆ ಸಾಲದಷ್ಟೆ. ಕಡತವೂ ನಡೆಯಬೇಕು. 300 ಎಂಬ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಸುವುದಿಲ್ಲ. ಅದನ್ನು 256ರ ಒಂದು ಪಟ್ಟು ಮತ್ತು 44 ಎಂದು ಎರಡು ಬೈಟುಗಳಾಗಿ ಒಡೆಯಬೇಕು. ಕೆಲವು ಯಂತ್ರಗಳು ತಮ್ಮ ಸ್ಮರಣೆಯಲ್ಲಿ 1ನ್ನು ಮೊದಲು, 44ನ್ನು ಅನಂತರ ಇಡುವುವು. ಇಂದು ಬಹುಪಾಲು ಬಳಕೆಯಲ್ಲಿರುವ ಯಂತ್ರಗಳು ಇದಕ್ಕೆ ವಿರುದ್ಧವಾಗಿ ಇಡುವುವು. ಒಂದರ ಬರಹವನ್ನು ಇನ್ನೊಂದು ಹಾಗೆಯೇ ಓದಿದರೆ 300 ಎಂಬುದು 11,265 ಆಗಿಬಿಡುವುದು! ಎಸ್‌ಕ್ಯೂಲೈಟ್ ಕಡತದಲ್ಲಿ, ಬರೆದ ಯಂತ್ರ ಯಾವುದೇ ಆಗಿರಲಿ, ದೊಡ್ಡ ಬೈಟು ಮೊದಲು ಎಂಬ ನಿಯಮವೇ ಸ್ಥಿರವಾಗಿರುವುದು. ಆದಕಾರಣ ದೂರವಾಣಿಯಲ್ಲಿ ಹುಟ್ಟಿದ ಕಡತವನ್ನು ಮನೆಯ ಗಣಕದಲ್ಲಿ ತೆರೆದರೆ ಒಂದು ಅಂಕಿಯೂ ಕೆಡದು.

ಒಂದು ಸಣ್ಣ ಗ್ರಂಥಾಲಯ

ವಿಷಯವನ್ನು ಉದಾಹರಣೆಯ ಮೂಲಕ ತಿಳಿಯುವುದು ಲೇಸು. ಶಾಲೆಯೊಂದರ ಗ್ರಂಥಾಲಯಕ್ಕೆ ದತ್ತಸಂಚಯವನ್ನು ಕಟ್ಟಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಒಂದೇ ಕೋಷ್ಟಕದಲ್ಲಿ ಪುಸ್ತಕದ ಹೆಸರು, ಲೇಖಕ, ಬೆಲೆ, ಒಯ್ದವರ ಹೆಸರು, ತರಗತಿ, ಒಯ್ದ ದಿನ ಇವೆಲ್ಲವನ್ನೂ ಬರೆಯಬಹುದೆಂದು ಮೊದಲಿಗೆ ತೋರುವುದು. ಆದರೆ ಒಬ್ಬ ವಿದ್ಯಾರ್ಥಿನಿ ವರ್ಷದಲ್ಲಿ ಮೂವತ್ತು ಪುಸ್ತಕಗಳನ್ನು ಒಯ್ದರೆ ಅವಳ ಹೆಸರನ್ನು ಮೂವತ್ತು ಸಲ ಬರೆಯಬೇಕಾಗುವುದು. ಒಂದು ಸಾಲಿನಲ್ಲಿ ‘ಸುಮ’ ಎಂದೂ ಇನ್ನೊಂದರಲ್ಲಿ ‘ಸುಮಾ’ ಎಂದೂ ಬಿದ್ದರೆ ಯಂತ್ರಕ್ಕೆ ಅವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಅವಳು ಒಂಬತ್ತನೆಯ ತರಗತಿಯಿಂದ ಹತ್ತಕ್ಕೆ ಹೋದಾಗ ಮೂವತ್ತು ಕಡೆ ತಿದ್ದಬೇಕು; ಒಂದು ಕಡೆ ಮರೆತರೂ ದಾಖಲೆ ಸುಳ್ಳಾಗುವುದು. ಕಾಡ್ ಅವರ ಕಲ್ಪನೆಯ ಪ್ರಯೋಜನ ಇಲ್ಲಿಯೇ. ‘ಪುಸ್ತಕ’, ‘ಸದಸ್ಯ’, ‘ಎರವಲು’ ಎಂಬ ಮೂರು ಕೋಷ್ಟಕಗಳನ್ನು ಮಾಡಿ, ಪ್ರತಿಯೊಂದು ಪುಸ್ತಕಕ್ಕೂ ಪ್ರತಿಯೊಬ್ಬ ಸದಸ್ಯನಿಗೂ ಒಂದೊಂದು ಸಂಖ್ಯೆಯನ್ನು ಕೊಟ್ಟರೆ, ‘ಎರವಲು’ ಕೋಷ್ಟಕದಲ್ಲಿ ಆ ಎರಡು ಸಂಖ್ಯೆಗಳೂ ದಿನಾಂಕಗಳೂ ಇದ್ದರೆ ಸಾಕು. ಹೆಸರು ಒಂದೇ ಕಡೆ ಇರುವುದು; ತಿದ್ದುವುದೂ ಒಂದೇ ಕಡೆ.

ವೀಕ್ಷಕದಲ್ಲಿ ಹೊಸ ಕೋಷ್ಟಕವನ್ನು ಮಾಡುವಾಗ ಒಂದು ಸ್ವಾರಸ್ಯವನ್ನು ಗಮನಿಸಬಹುದು. ಮೇಲಿನ ಭಾಗದಲ್ಲಿ ನಾವು ಸ್ತಂಭಗಳ ಹೆಸರನ್ನೂ ಬಗೆಯನ್ನೂ ಸೇರಿಸುತ್ತ ಹೋದಂತೆ, ಕೆಳಗಿನ ಭಾಗದಲ್ಲಿ ಅದಕ್ಕೆ ಸರಿಯಾದ ಎಸ್‌ಕ್ಯೂಎಲ್ ವಾಕ್ಯವು ತಾನಾಗಿಯೇ ಬೆಳೆಯುತ್ತಿರುವುದು. ಅಂದರೆ ಗುಂಡಿಯೊತ್ತುವುದೂ ವಾಕ್ಯ ಬರೆಯುವುದೂ ಒಂದೇ ಕೆಲಸದ ಎರಡು ರೂಪಗಳು. ಇದಲ್ಲದೆ, ನಡೆದ ಆಜ್ಞೆಗಳೆಲ್ಲವನ್ನೂ ಕ್ರಮವಾಗಿ ತೋರಿಸುವ ಪ್ರತ್ಯೇಕ ಫಲಕವೊಂದುಂಟು. ಭಾಷೆಯನ್ನು ಕಲಿಯಬೇಕೆನ್ನುವ ವಿದ್ಯಾರ್ಥಿಗೆ ಇದಕ್ಕಿಂತ ತಾಳ್ಮೆಯ ಉಪಾಧ್ಯಾಯರು ಸಿಕ್ಕುವುದು ಕಷ್ಟ.

ಕೋಷ್ಟಕದ ಸಾಲುಗಳನ್ನು ‘ಬ್ರೌಸ್ ಡೇಟಾ’ ಎಂಬ ಪುಟದಲ್ಲಿ ನೋಡಬಹುದು. ಪ್ರತಿಯೊಂದು ಸ್ತಂಭದ ತಲೆಯ ಕೆಳಗೂ ಬರಿದಾದ ಒಂದು ಮನೆಯಿರುವುದು. ಹೆಸರಿನ ಸ್ತಂಭದಲ್ಲಿ ‘ಮಲೆ’ ಎಂದು ಬರೆದರೆ ಹೆಸರಿನಲ್ಲಿ ಆ ಅಕ್ಷರಗಳುಳ್ಳ ಪುಸ್ತಕಗಳಷ್ಟೇ ಉಳಿಯುವುವು. ಬೆಲೆಯ ಸ್ತಂಭದಲ್ಲಿ ‘>500’ ಎಂದು ಬರೆದರೆ ಐನೂರು ರೂಪಾಯಿಗೆ ಮೀರಿದುವು ಮಾತ್ರ. ಜ್ಲೂಫ್ ಅವರ ಬರಿದಾದ ಮನೆಯು ಐವತ್ತು ವರ್ಷಗಳ ಬಳಿಕವೂ ಹೀಗೆ ಬಳಕೆಯಲ್ಲಿದೆ. ಇದೇ ಪ್ರಶ್ನೆಯನ್ನು ‘ಎಕ್ಸಿಕ್ಯೂಟ್ ಎಸ್‌ಕ್ಯೂಎಲ್’ ಎಂಬ ಇನ್ನೊಂದು ಪುಟದಲ್ಲಿ ಮಾತಿನಿಂದಲೂ ಕೇಳಬಹುದು:

ಸೆಲೆಕ್ಟ್ ಹೆಸರು ಫ್ರಮ್ ಪುಸ್ತಕ ವೇರ್ ಬೆಲೆ > 500;

ಇಲ್ಲಿ ಸೆಲೆಕ್ಟ್, ಫ್ರಮ್, ವೇರ್ ಎಂಬ ಆಜ್ಞಾಪದಗಳನ್ನು ಯಂತ್ರಕ್ಕೆ ಕೊಡುವಾಗ ರೋಮನ್ ಲಿಪಿಯಲ್ಲಿಯೇ ಬರೆಯಬೇಕು. ಓದಿನ ಅನುಕೂಲಕ್ಕಾಗಿ ನಾವು ಕನ್ನಡದಲ್ಲಿ ಬರೆದಿದ್ದೇವೆ. ಆದರೆ ಕೋಷ್ಟಕದ ಹೆಸರೂ ಸ್ತಂಭದ ಹೆಸರೂ ಕನ್ನಡ ಲಿಪಿಯಲ್ಲಿಯೇ ಇರಬಹುದು. ಎಸ್‌ಕ್ಯೂಲೈಟ್ ಅದನ್ನು ಯಾವ ಆಕ್ಷೇಪಣೆಯೂ ಇಲ್ಲದೆ ಒಪ್ಪಿಕೊಳ್ಳುವುದು.

ಕನ್ನಡದ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ‘ಲೆಂತ್’ ಎಂಬ ಉತ್ಪನ್ನದಿಂದ ವೀಕ್ಷಕವನ್ನು ಕೇಳಿದರೆ 5 ಎಂಬ ಉತ್ತರ ಬರುವುದು. ನಮ್ಮ ಎಣಿಕೆಯಲ್ಲಿ ಅಕ್ಷರಗಳು ಮೂರಷ್ಟೆ! ಯಂತ್ರದ ಉತ್ತರವೂ ತಪ್ಪಲ್ಲ. ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೆ ನ, ಕೊನೆಗೆ ಡ ಎಂದು ಐದು ಗುರುತುಗಳಾಗುವುವು. ಒಂದೊಂದು ಗುರುತಿಗೂ ಮೂರು ಬೈಟುಗಳಂತೆ ಕಡತದಲ್ಲಿ ಈ ಪದವು 15 ಬೈಟುಗಳನ್ನು ಆಕ್ರಮಿಸುವುದು.

ಅಕಾರಾದಿಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ತೊಡಕು ಕಾಣಿಸಿಕೊಳ್ಳುವುದು. ಕವನ, ಕಹಳೆ, ಕಳಸ ಎಂಬುದು ಕನ್ನಡ ನಿಘಂಟಿನ ಕ್ರಮ. ಏಕೆಂದರೆ ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಅನಂತರ ಬರುವುದು. ವೀಕ್ಷಕದಲ್ಲಿ ಸ್ತಂಭದ ತಲೆಯನ್ನು ಒತ್ತಿ ಸಾಲುಗಳನ್ನು ಜೋಡಿಸಿದರೆ ಕಳಸ, ಕವನ, ಕಹಳೆ ಎಂದು ನಿಲ್ಲುವುವು. ಯೂನಿಕೋಡಿನಲ್ಲಿ ಳಕಾರಕ್ಕೆ ವಕಾರಕ್ಕಿಂತ ಮೊದಲಿನ ಸಂಖ್ಯೆಯನ್ನು ಕೊಟ್ಟಿರುವುದೂ, ಎಸ್‌ಕ್ಯೂಲೈಟ್ ಬೇರೆ ಸೂಚನೆಯಿಲ್ಲದಿದ್ದರೆ ಸಂಖ್ಯೆಗಳನ್ನಷ್ಟೇ ಹೋಲಿಸುವುದೂ ಇದಕ್ಕೆ ಕಾರಣ. ಇದಕ್ಕೊಂದು ಸುಲಭ ಪರಿಹಾರವುಂಟು. ಅವಗ್ರಹದ ಚಿಹ್ನೆಗೆ ಹಕಾರವಾದ ಮೇಲೆ, ದೀರ್ಘದ ಚಿಹ್ನೆಗಿಂತ ಮೊದಲು ಬರುವ ಸಂಖ್ಯೆಯಿರುವುದು. ಪುಸ್ತಕಗಳ ಹೆಸರುಗಳಲ್ಲಿ ಅದು ಬರುವುದು ಬಹು ವಿರಳ. ಆದುದರಿಂದ ಜೋಡಿಸುವಾಗ ಮಾತ್ರ ಳಕಾರದ ಬದಲು ಅವಗ್ರಹವಿರುವಂತೆ ಭಾವಿಸಿಕೊಳ್ಳೆಂದು ಯಂತ್ರಕ್ಕೆ ಹೇಳಬಹುದು:

ಸೆಲೆಕ್ಟ್ ಹೆಸರು ಫ್ರಮ್ ಪುಸ್ತಕ ಆರ್ಡರ್ ಬೈ ರಿಪ್ಲೇಸ್(ಹೆಸರು, 'ಳ', 'ಽ');

ಹೆಸರುಗಳು ಕಡತದಲ್ಲಿ ಇದ್ದಂತೆಯೇ ಇರುವುವು. ಕ್ರಮ ಮಾತ್ರ ನಮ್ಮದಾಗುವುದು.

ಅಂಕಿಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಾಗಿರಬೇಕು. ಬೆಲೆಯ ಸ್ತಂಭವನ್ನು ಪೂರ್ಣಾಂಕವೆಂದು ನಾವು ಘೋಷಿಸಿದ್ದರೂ ಎಸ್‌ಕ್ಯೂಲೈಟ್ ಅದರಲ್ಲಿ ಬರಹವನ್ನು ನಿರಾಕರಿಸುವುದಿಲ್ಲ. ಯಾರಾದರೂ ಅಭಿಮಾನದಿಂದ ‘೮೦’ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಯಂತ್ರವು ಅದನ್ನು ಎಂಬತ್ತೆಂದು ತಿಳಿಯದೆ ಬರಿಯ ಬರಹವೆಂದು ಇಟ್ಟುಕೊಳ್ಳುವುದು. ಒಟ್ಟು ಬೆಲೆಯನ್ನು ಕೂಡಿಸುವಾಗ ಅದಕ್ಕೆ ಸೊನ್ನೆಯ ಬೆಲೆ. ವಿಪರೀತವೆಂದರೆ, ಬರಹವು ಯಾವ ಸಂಖ್ಯೆಗಿಂತಲೂ ದೊಡ್ಡದೆಂಬುದು ಎಸ್‌ಕ್ಯೂಲೈಟಿನ ನಿಯಮವಾದುದರಿಂದ, ಐನೂರಕ್ಕೆ ಮೀರಿದ ಪುಸ್ತಕಗಳನ್ನು ಕೇಳಿದಾಗ ಈ ಎಂಬತ್ತು ರೂಪಾಯಿಯ ಪುಸ್ತಕವೂ ಎದ್ದುನಿಲ್ಲುವುದು! 2021ರಿಂದೀಚೆಗೆ ಕೋಷ್ಟಕವನ್ನು ‘ಸ್ಟ್ರಿಕ್ಟ್’ ಎಂದು ಘೋಷಿಸಿ ಇಂತಹ ಬರಹವನ್ನು ಬಾಗಿಲಲ್ಲಿಯೇ ತಡೆಯುವ ಅನುಕೂಲ ಉಂಟಾಗಿದೆ.

ಬರೆದುದೂ ಬರೆಯದುದೂ

ಈಗ ಮುಖ್ಯ ವಿಷಯಕ್ಕೆ ಬರೋಣ. ‘ಎರವಲು’ ಕೋಷ್ಟಕದಲ್ಲಿ ನಾಲ್ಕು ನೂರು ಸಾಲುಗಳಿವೆ. 217ನೆಯ ಎರವಲಿನ ಪುಸ್ತಕ ಹಿಂತಿರುಗಿ ಬಂದಿದೆ. ಅದನ್ನು ದಾಖಲಿಸಲು ಹೀಗೆ ಬರೆಯಬೇಕು:

ಅಪ್‌ಡೇಟ್ ಎರವಲು ಸೆಟ್ ಬಂದ_ದಿನ = '2025-06-12' ವೇರ್ ಸಂಖ್ಯೆ = 217;

ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದಿರುವುದು ಸಕಾರಣವಾಗಿಯೇ. ಹಾಗೆ ಬರೆದರೆ ಬರಹದ ಕ್ರಮವೇ ಕಾಲದ ಕ್ರಮವಾಗುವುದು. ಅದಿರಲಿ. ಈ ವಾಕ್ಯದ ಕೊನೆಯ ‘ವೇರ್’ ಭಾಗವನ್ನು ಬರೆಯಲು ಮರೆತರೇನಾಗುವುದು? ವ್ಯಾಕರಣದ ದೃಷ್ಟಿಯಿಂದ ವಾಕ್ಯವು ಆಗಲೂ ಪೂರ್ಣವಾಗಿಯೇ ಇರುವುದು. ಯಂತ್ರವು ಒಂದು ಮಾತನ್ನೂ ಆಡದೆ ನಾಲ್ಕು ನೂರು ಸಾಲುಗಳಲ್ಲಿಯೂ ಅದೇ ದಿನವನ್ನು ಬರೆಯುವುದು. ಎಲ್ಲ ಪುಸ್ತಕಗಳೂ ಒಂದೇ ದಿನ ಹಿಂತಿರುಗಿದುವೆಂದು ದಾಖಲೆ ಸಾರುವುದು. ಯಾವ ಪುಸ್ತಕ ಯಾರ ಮನೆಯಲ್ಲಿದೆಯೆಂಬುದು ಇನ್ನು ಮುಂದೆ ಯಾರಿಗೂ ತಿಳಿಯದು. ಗ್ರಂಥಾಲಯದಲ್ಲಿ ಇದರಿಂದ ಆಗುವ ನಷ್ಟ ಕೆಲವು ಪುಸ್ತಕಗಳು. ಇದೇ ತಪ್ಪು ಆಸ್ಪತ್ರೆಯ ಔಷಧಿಗಳ ಪಟ್ಟಿಯಲ್ಲಿಯೋ ಪರೀಕ್ಷೆಯ ಅಂಕಗಳ ಪಟ್ಟಿಯಲ್ಲಿಯೋ ಆದರೆ ಪರಿಣಾಮವೇನೆಂಬುದನ್ನು ವಾಚಕರೇ ಊಹಿಸಬಹುದು.

ವೀಕ್ಷಕದಲ್ಲಿ ಈ ಅನಾಹುತವು ಒಡನೆಯೇ ಪೂರ್ಣವಾಗುವುದಿಲ್ಲ. ಆಜ್ಞೆ ನಡೆದ ಬಳಿಕ ಕೆಳಗಿನ ಫಲಕದಲ್ಲಿ ಎಷ್ಟು ಸಾಲುಗಳು ಬದಲಾದುವೆಂಬ ಸಂಖ್ಯೆ ಕಾಣಿಸುವುದು. ಒಂದು ಎಂದು ನಿರೀಕ್ಷಿಸಿದ್ದಲ್ಲಿ ನಾಲ್ಕು ನೂರು ಎಂದು ಕಂಡರೆ ಏನೋ ಕೆಟ್ಟಿತೆಂದು ಅರಿಯಬೇಕು. ಆ ಹೊತ್ತಿಗೆ ಮೇಲ್ಗಡೆ ‘ರೈಟ್ ಚೇಂಜಸ್’, ‘ರಿವರ್ಟ್ ಚೇಂಜಸ್’ ಎಂಬ ಎರಡು ಗುಂಡಿಗಳು ಜೀವ ತಳೆದಿರುವುವು. ಮೊದಲನೆಯದನ್ನು ಒತ್ತಿದರೆ ಬದಲಾವಣೆ ಸ್ಥಿರವಾಗುವುದು. ಎರಡನೆಯದನ್ನು ಒತ್ತಿದರೆ ಏನೂ ನಡೆದೇ ಇಲ್ಲವೆಂಬಂತೆ ಹಳೆಯ ಸ್ಥಿತಿ ಮರಳುವುದು. ಒಂದು ಸಾಲನ್ನಲ್ಲ, ಇಡೀ ಕೋಷ್ಟಕವನ್ನೇ ಅಳಿಸಿದ್ದರೂ ಹೀಗೆಯೇ.

ಇದು ವೀಕ್ಷಕದ ಮಾಯೆಯಲ್ಲ. ಅದರ ಕೆಳಗಿರುವ ಎಸ್‌ಕ್ಯೂಲೈಟಿನ ‘ವಹಿವಾಟು’ ಎಂಬ ಏರ್ಪಾಡಿನ ಫಲ. ಅದರ ಒಳಗುಟ್ಟು ಹೀಗಿದೆ. ಕಡತದ ಯಾವುದಾದರೊಂದು ಪುಟವನ್ನು ಬದಲಿಸುವ ಮೊದಲು ಎಸ್‌ಕ್ಯೂಲೈಟ್ ಆ ಪುಟದ ಹಳೆಯ ಸ್ವರೂಪವನ್ನು ‘ಜರ್ನಲ್’ ಎಂಬ ಬೇರೊಂದು ಕಡತದಲ್ಲಿ ಪ್ರತಿ ಮಾಡಿಡುವುದು. ಸಂಚಯದ ಹೆಸರಿನ ಮುಂದೆ ‘ಜರ್ನಲ್’ ಎಂಬ ಮಾತು ಸೇರಿದ ಆ ಕಡತವನ್ನು ಪಕ್ಕದಲ್ಲಿಯೇ ಕಾಣಬಹುದು. ಹೊಸ ಸ್ವರೂಪವು ಮೊದಲು ಯಂತ್ರದ ಸ್ಮರಣೆಯಲ್ಲಿರುವುದು. ಬರೆಯೆಂದು ನಾವು ಹೇಳಿದಾಗ ಮೊದಲು ಜರ್ನಲ್ ತಟ್ಟೆಯ ಮೇಲೆ ಭದ್ರವಾಗಿ ಇಳಿದುದನ್ನು ಖಚಿತಪಡಿಸಿಕೊಂಡು, ಅನಂತರ ಹೊಸ ಪುಟಗಳನ್ನು ಮೂಲ ಕಡತಕ್ಕೆ ಬರೆದು, ಅವೂ ಇಳಿದುವೆಂದು ತಿಳಿದ ಮೇಲೆ ಜರ್ನಲನ್ನು ಅಳಿಸಿಹಾಕುವುದು. ಈ ಅಳಿಸುವಿಕೆಯೇ ನಿರ್ಣಾಯಕ ಕ್ಷಣ. ಅದಕ್ಕೆ ಮೊದಲು ಯಾವ ಘಳಿಗೆಯಲ್ಲಿ ವಿದ್ಯುತ್ತು ಹೋದರೂ, ಮುಂದಿನ ಸಲ ಕಡತವನ್ನು ತೆರೆಯುವ ಕ್ರಮವಿಧಿಯು ಅನಾಥವಾಗಿ ಉಳಿದಿರುವ ಜರ್ನಲನ್ನು ಕಂಡು, ಅದರಲ್ಲಿರುವ ಹಳೆಯ ಪುಟಗಳನ್ನು ಸ್ವಸ್ಥಾನಕ್ಕೆ ಮರಳಿಸುವುದು. ಹೀಗಾಗಿ ಅರ್ಧ ಬರೆದ ಸ್ಥಿತಿಯೆಂಬುದು ಓದುವವನ ಕಣ್ಣಿಗೆ ಎಂದೂ ಬೀಳದು. ಪೂರ್ತಿ ಹಳೆಯದು, ಇಲ್ಲವೇ ಪೂರ್ತಿ ಹೊಸದು. ಪಕ್ಕದಲ್ಲಿ ಬಿದ್ದಿರುವ ಜರ್ನಲನ್ನು ಕಸವೆಂದು ತಿಳಿದು ಕೈಯಾರೆ ಅಳಿಸುವವರುಂಟು. ವಿದ್ಯುತ್ತು ಹೋಗಿ ಬಂದ ಬಳಿಕ ಹೀಗೆ ಮಾಡಿದರೆ ಕಡತವನ್ನು ಸರಿಪಡಿಸುವ ಒಂದೇ ಸಾಧನವನ್ನು ಎಸೆದಂತೆ.

ಈ ಅನುಕೂಲಕ್ಕೂ ಒಂದು ಬೆಲೆಯುಂಟು. ನಮ್ಮ ತಿದ್ದುಪಡಿ ಬರೆಯದೆಯೂ ಹಿಂತೆಗೆಯದೆಯೂ ತೂಗಾಡುತ್ತಿರುವಷ್ಟು ಕಾಲ ಬೇರೆ ಯಾವ ಕ್ರಮವಿಧಿಯೂ ಆ ಕಡತದಲ್ಲಿ ಬರೆಯಲಾರದು. ಪ್ರಯತ್ನಿಸಿದರೆ ‘ಡೇಟಾಬೇಸ್ ಲಾಕ್ ಆಗಿದೆ’ ಎಂಬ ಉತ್ತರ ಬರುವುದು. ವೀಕ್ಷಕವನ್ನು ತೆರೆದಿಟ್ಟು ಊಟಕ್ಕೆ ಹೋದವನಿಂದಾಗಿ ಗ್ರಂಥಾಲಯದ ಕೆಲಸವೇ ನಿಲ್ಲಬಹುದು. ಬರಿಯ ನೋಡುವ ಉದ್ದೇಶವಿದ್ದಾಗ ಓದಲು ಮಾತ್ರ ತೆರೆಯುವ ಆಯ್ಕೆಯನ್ನು ಬಳಸುವುದು ಮೇಲು. ಇನ್ನೊಂದು ಸಂಗತಿ: ಸ್ಥಿರವಾಗಿ ಅಳಿಸಿದ ಸಾಲುಗಳೂ ಕಡತದಿಂದ ಒಡನೆಯೇ ಮಾಯವಾಗುವುದಿಲ್ಲ. ಅವು ಇದ್ದ ಸ್ಥಳವನ್ನು ಬರಿದೆಂದು ಗುರುತಿಸಲಾಗುವುದಷ್ಟೆ. ಕಡತವನ್ನು ಒತ್ತಟ್ಟು ಮಾಡುವ ‘ವ್ಯಾಕ್ಯೂಮ್’ ಆಜ್ಞೆಯಾಗುವವರೆಗೆ ಹಳೆಯ ಬೈಟುಗಳು ಅಲ್ಲಿಯೇ ಉಳಿದಿರಬಹುದು. ಗುಟ್ಟಿನ ವಿಷಯಗಳಿರುವ ಕಡತವನ್ನು ಇತರರಿಗೆ ಕೊಡುವವರು ಇದನ್ನು ಅರಿತಿರಬೇಕು. ವಹಿವಾಟಿನ ನಡುವೆ ಈ ಆಜ್ಞೆ ನಡೆಯದಾದುದರಿಂದ ತೂಗಾಡುವ ತಿದ್ದುಪಡಿಗಳನ್ನು ಮೊದಲು ಇತ್ಯರ್ಥಪಡಿಸಬೇಕಾಗುವುದು.

ಪ್ರಯೋಗ ಮಾಡಿ ನೋಡಬೇಕೆನ್ನುವವರಿಗೆ ಕಡತಗಳ ಕೊರತೆಯಿಲ್ಲ. ಫೈರ್‌ಫಾಕ್ಸ್ ಬಳಸುವವರ ಗಣಕದಲ್ಲಿ ‘ಪ್ಲೇಸಸ್’ ಎಂಬ ಹೆಸರಿನ ಎಸ್‌ಕ್ಯೂಲೈಟ್ ಕಡತವೊಂದಿರುವುದು. ಭೇಟಿಯಿತ್ತ ತಾಣಗಳೂ ಗುರುತಿಟ್ಟ ಪುಟಗಳೂ ಅದರಲ್ಲಿರುವುವು. ಫೈರ್‌ಫಾಕ್ಸನ್ನು ಮೊದಲು ಮುಚ್ಚಿ, ಕಡತದ ಪ್ರತಿಯೊಂದನ್ನು ಬೇರೆಡೆಗೆ ತೆಗೆದು, ಆ ಪ್ರತಿಯನ್ನೇ ವೀಕ್ಷಕದಲ್ಲಿ ತೆರೆಯಬೇಕು. ಮೂಲವನ್ನು ಮುಟ್ಟಬಾರದು. ನಮ್ಮ ಯಂತ್ರವು ನಮ್ಮ ವಿಷಯದಲ್ಲಿ ಎಷ್ಟನ್ನು ಬರೆದಿಟ್ಟುಕೊಂಡಿದೆಯೆಂಬುದನ್ನು ಕಂಡು ಹಲವರು ಬೆರಗಾಗುವರು.

ವೀಕ್ಷಕದ ಕ್ಷೇತ್ರ ಎಸ್‌ಕ್ಯೂಲೈಟಿಗೆ ಸೀಮಿತವಾದುದು. ಸರ್ವರುಳ್ಳ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಮೊದಲಾದ ಸಂಚಯಗಳನ್ನು ಅದು ತೆರೆಯಲಾರದು. ಪೋಸ್ಟ್‌ಗ್ರೆಸಿಗೆ ‘ಪಿಜಿಅಡ್ಮಿನ್’, ಬಹು ಬಗೆಯ ಸಂಚಯಗಳಿಗೆ ‘ಡಿಬೀವರ್’ ಎಂಬ ಉಚಿತ ಸಾಧನಗಳುಂಟು. ಇವೂ ಮೂರು ವ್ಯವಸ್ಥೆಗಳಲ್ಲಿಯೂ ನಡೆಯುವಂಥವೇ. ಆದರೆ ವೀಕ್ಷಕದಲ್ಲಿ ಕೈ ಪಳಗಿಸಿಕೊಂಡು ಇವುಗಳಿಗೆ ಹೋಗುವವರು ಒಂದು ಭೇದವನ್ನು ಮೊದಲೇ ತಿಳಿದಿರಬೇಕು. ಈ ಎರಡರಲ್ಲಿಯೂ ಬರೆದ ಆಜ್ಞೆಯು, ನಾವು ಬೇರೆ ಏರ್ಪಾಡು ಮಾಡಿರದಿದ್ದರೆ, ನಡೆದೊಡನೆಯೇ ಸ್ಥಿರವಾಗುವುದು. ‘ವೇರ್’ ಮರೆತ ವಾಕ್ಯಕ್ಕೆ ಅಲ್ಲಿ ಮರಳುವ ಗುಂಡಿಯಿಲ್ಲ. ಸ್ವಯಂ ಸ್ಥಿರೀಕರಣದ ಆಯ್ಕೆಯನ್ನು ಆರಿಸಿಡಬೇಕು, ಇಲ್ಲವೇ ಆಜ್ಞೆಗೆ ಮುಂಚೆ ‘ಬಿಗಿನ್’ ಎಂದು ಬರೆದು, ಬದಲಾದ ಸಾಲುಗಳ ಸಂಖ್ಯೆಯನ್ನು ನೋಡಿಕೊಂಡು, ಅನಂತರ ‘ಕಮಿಟ್’ ಎಂದೋ ‘ರೋಲ್‌ಬ್ಯಾಕ್’ ಎಂದೋ ಬರೆಯಬೇಕು. ಕೋಷ್ಟಕವನ್ನೇ ಅಳಿಸುವ ‘ಡ್ರಾಪ್ ಟೇಬಲ್’ ಆಜ್ಞೆಯನ್ನು ಪೋಸ್ಟ್‌ಗ್ರೆಸ್ ಕೂಡ ಎಸ್‌ಕ್ಯೂಲೈಟಿನಂತೆ ಹೀಗೆ ಹಿಂತೆಗೆಯಬಲ್ಲುದು. ಮೈಎಸ್‌ಕ್ಯೂಎಲ್ ಹಾಗಲ್ಲ: ಅಲ್ಲಿ ಆ ಆಜ್ಞೆಯು ತನಗೆ ಮೊದಲು ತೂಗಾಡುತ್ತಿದ್ದ ತಿದ್ದುಪಡಿಗಳನ್ನೂ ತನ್ನೊಡನೆ ಸ್ಥಿರಪಡಿಸಿಬಿಡುವುದು, ಅನಂತರ ಬರೆದ ‘ರೋಲ್‌ಬ್ಯಾಕ್’ಗೆ ಹಿಂತೆಗೆಯಲು ಏನೂ ಉಳಿದಿರುವುದಿಲ್ಲ.